ಮೆಣಸಿನಕಾಯಿ ಬಿಡುವ ಹೊತ್ತು

ಹೊಸದುರ್ಗದ ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ದುರುಗಕ್ಕ ಒಂದು ಸಿನಿಮಾವನ್ನೂ ಕೂತು ನೋಡಿದವಳಲ್ಲ. ಅವಳಿಗೆ ಸಿನಿಮಾ ಎಂದರೆ ಒಲೆಯ ಹಿಂದಿನ ಗೋಡೆ. ಅದಕ್ಕೆ ಒರಗಿ, ಒಳಗಿನ ಸದ್ದು ಕೇಳಿಯೇ ವಿರಾಮ ಎಷ್ಟು ದೂರವಿದೆ ಎಂದು ತಿಳಿದು, ಎಣ್ಣೆಗೆ ಮೆಣಸಿನಕಾಯಿ ಬಿಡುತ್ತಿದ್ದಳು. ಜನ ಬಾಗಿಲು ದಾಟುವಾಗ ಬಜ್ಜಿ ಬಿಸಿಯಾಗಿರುತ್ತಿತ್ತು.

ಮೂರು ವರ್ಷದ ಹಿಂದೆ, ಕಂಬಳಿ ಹೊದ್ದರೆ ಹಾರಬಲ್ಲ ಕುರಿಗಾಹಿಯ ಸಿನಿಮಾ ಬಂದಿತ್ತು. ಗೇಟು ಕಾಯುವ ಮಾರುತೇಶ್ ಅವಳಿಗೆ ಕತೆ ಹೇಳಿದ್ದ. ವಿರಾಮಕ್ಕೆ ಮುಂಚೆ ಕಂಬಳಿ ಕಳೆದುಹೋಗುತ್ತದೆ. ಬಾವಿಗೆ ಬಿದ್ದ ಮಗುವಿಗಾಗಿ ಅವನು ಬರಿಮೈಯಲ್ಲೇ ಧುಮುಕುತ್ತಾನೆ. ಆಗ ಇಡೀ ಟಾಕೀಸು ಉಸಿರು ಬಿಗಿಹಿಡಿಯುತ್ತಿತ್ತು. ಗೋಡೆಯಾಚೆ ಆ ಮೌನ ಶುರುವಾದೊಡನೆ ದುರುಗಕ್ಕನ ಕೈ ಬಾಣಲೆಗೆ ಹೋಗುತ್ತಿತ್ತು. ಬಾಗೂರಿನಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಒಂಬತ್ತು ವಾರ ಓಡಿತು.

ಆಮೇಲೆ ಅಂಥದ್ದು ಬರಲಿಲ್ಲ. ಮಾಲೀಕ ಓಬಳೇಶಪ್ಪ ಹೇಳಿದ್ದರು, "ಎರಡನೇ ಭಾಗ ಬರ್ತೈತೆ ದುರುಗಕ್ಕ. ಅದು ಓಡಿದ್ರೆ ಟಾಕೀಸು ಇರ್ತೈತೆ. ಇಲ್ಲಾಂದ್ರೆ ಗೋಡೌನಿಗೆ ಕೊಟ್ಬಿಡ್ತೀನಿ." ಗೋಡೌನಿಗೆ ಬಜ್ಜಿಯವಳು ಬೇಕಿಲ್ಲ.

ಶುಕ್ರವಾರ ಎರಡನೇ ಭಾಗ ಬಂತು. ಮ್ಯಾಟಿನಿಗೆ ಎಣ್ಣೆ ಕಾಯಿಸಿ, ಆ ಮೌನಕ್ಕಾಗಿ ಅವಳು ಕಾದಳು. ಮೊಣಕಾಲು ನೋಯುತ್ತಿತ್ತು. ಒಳಗೆ ಒಂದೇ ಸಮನೆ ಗುಡುಗು, ಗಾಜು ಒಡೆಯುವ ಸದ್ದು. ಕಾಯುತ್ತಲೇ ಇದ್ದಳು. ವಿರಾಮಕ್ಕೆ ಬಾಗಿಲು ತೆರೆದು ಜನ ಹೊರಗೆ ಬಂದಾಗ ಬಾಣಲೆಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.

"ಏನಕ್ಕ, ನೀನೂ ಮಲ್ಕಂಡಿದ್ಯಾ?" ಮಾರುತೇಶ್ ನಕ್ಕ.

"ಕಂಬಳಿ ಕಳೀಲೇ ಇಲ್ವಲ್ಲೋ."

"ಯಾವ ಕಂಬಳಿ? ಈಗ ಕಬ್ಣದ ಅಂಗಿ. ಫಾರಿನ್ನಾಗೆ ಬಿಲ್ಡಿಂಗ್ ಒಡೀತಾನೆ. ಬಾವೀನೂ ಇಲ್ಲ, ಕುರೀನೂ ಇಲ್ಲ."

ಬಜ್ಜಿಗೆ ಯಾರೂ ಕಾಯಲಿಲ್ಲ. ಅರ್ಧ ಜನ ಬಸ್ ನಿಲ್ದಾಣದ ಕಡೆಗೇ ನಡೆದರು. ವಿರಾಮ ಮುಗಿದು ಬೆಲ್ ಹೊಡೆದ ಮೇಲೆ ಅವಳು ಒಲೆ ಆರಿಸಿ, ಮೊದಲ ಸಲ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಓಬಳೇಶಪ್ಪ ಕುರ್ಚಿ ತಟ್ಟಿ ಎಬ್ಬಿಸಿದಾಗ ಪರದೆ ಖಾಲಿ ಇತ್ತು.

"ಹೆಂಗೈತೆ ದುರುಗಕ್ಕ?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ತ್ರಾಣವಿರಲಿಲ್ಲ.

"ಹಿಂದಿನದ್ರಾಗೆ ಗೋಡೆ ಆಚೆ ಕುಂತ್ರೂ ಎದೆ ಹೊಡ್ಕಂತಿತ್ತು ಸಾವ್ಕಾರ್ರೆ. ಇದ್ರಾಗೆ ಎದುರಿಗೇ ಕುಂತೆ, ನಿದ್ದೆ ಬಂತು."

ಅವರು ಪಕ್ಕದ ಕುರ್ಚಿಯಲ್ಲಿ ಕೂತರು.

"ಗೋಡೌನಿನೋರು ಕೇಳ್ತಾನೇ ಅವ್ರೆ. ಸೋಮವಾರ ಬರ್ರಿ ಅಂತೀನಿ."

ಅವಳು ತಲೆಯಾಡಿಸಿದಳು. ಟಾಕೀಸಿನೊಳಗೆ ಈಗ ಒಂದು ಸದ್ದೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದಳು.

"ಕಲಸಿದ ಹಿಟ್ಟು ಹಂಗೇ ಐತೆ. ಮಾರುತೇಶನ್ನ ಕರೀರಿ. ನಾಲ್ಕು ಮೆಣಸಿನಕಾಯಿ ಬಿಡ್ತೀನಿ."