ಬದಲಾದ ಕರಡಿಗೆ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಸುತ್ತುಬಳಸಿ ಕೇಳುವುದು ಬೇಡ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸಮಾಜದ ಹೆಂಗಸರೆಲ್ಲ ಸೇರಿ ನೇಪಾಳ ಯಾತ್ರೆಗೆ ಹೊರಟಿದ್ದೆವು. ಶಿವಮೊಗ್ಗದವರದೊಂದು ಬಸ್ಸು, ಭದ್ರಾವತಿಯವರದೊಂದು. ಪಶುಪತಿನಾಥನ ದರ್ಶನವಾದ ಮಾರನೆಯ ದಿನ ಊರು ನೋಡುವ ಕಾರ್ಯಕ್ರಮ. ನಮ್ಮ ಬಸ್ಸು ಭಕ್ತಪುರಕ್ಕೆ, ಭದ್ರಾವತಿಯವರದು ಪಾಟಣಕ್ಕೆ, ಸಂಜೆ ಕಠ್ಮಂಡುವಿನ ವಸತಿಗೃಹದಲ್ಲಿ ಎಲ್ಲರೂ ಸೇರುವುದು. ನಾನು ಹೋಗಿದ್ದು ಅತ್ತೆಯ ಕಾವಲಿಗೆ. ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕುಸಿದುಬೀಳುತ್ತಿದ್ದರು. ದುರ್ಗಿಗುಡಿಯ ಮನೆಯಲ್ಲಿ ಒಮ್ಮೆ ಹಾಗೆ ಬಿದ್ದವರು ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ.

ನಮ್ಮ ಕೋಣೆಯಲ್ಲಿ ಭದ್ರಾವತಿಯ ಅಜ್ಜಿಯೊಬ್ಬರೂ ಇದ್ದರು. ಆ ಬೆಳಿಗ್ಗೆ ಅವರೂ ಅತ್ತೆಯೂ ಇಷ್ಟಲಿಂಗ ಪೂಜೆ ಮುಗಿಸಿ ತಿಂಡಿ ತಿಂದರು. ಸ್ನಾನದಲ್ಲಿ ನೆನೆದ ಶಿವದಾರ ಇಬ್ಬರ ರವಿಕೆಯನ್ನೂ ಒದ್ದೆ ಮಾಡಿತ್ತು. ಆ ಚಳಿಯಲ್ಲಿ ಎದೆಗೆ ಶೀತ ಹಿಡಿದರೆ ಒದ್ದಾಡುವವಳು ಯಾರು? ನಾನೇ. ಮೈಯಿಂದ ತೆಗೆಯಬಾರದು ಎಂದು ಇಬ್ಬರೂ ಹೇಳಿದರೂ ಕೇಳದೆ, ಎರಡೇ ನಿಮಿಷ ಎಂದು ಲಿಂಗದ ಬೆಳ್ಳಿ ಕರಡಿಗೆಗಳನ್ನು ಇಸಿದುಕೊಂಡು ಒಣ ದಾರ ಕಟ್ಟಿದೆ. ಕೆಳಗೆ ಬಸ್ಸಿನವನು ಹಾರನ್ ಒತ್ತುತ್ತಲೇ ಇದ್ದ. ನಾನೇ ಇಬ್ಬರ ಕೊರಳಿಗೂ ಹಾಕಿದೆ.

ಭಕ್ತಪುರದ ಐದಂತಸ್ತಿನ ಗುಡಿಯ ಮೆಟ್ಟಿಲ ಮೇಲೆ ಅತ್ತೆ ಸುಧಾರಿಸಿಕೊಳ್ಳಲು ಕೂತರು. "ಅಂಗೈಯಗಲ ಇರೋ ದೇವರಿಗೆ ಇಷ್ಟೆತ್ತರದ ಮನೆ ಯಾಕೆ ಮಾರಾಯ್ತಿ" ಎಂದು ನಗುತ್ತ ಕರಡಿಗೆಯನ್ನು ಸೆರಗಿನಿಂದ ಒರೆಸಿದರು. ನಾನು ಬಗ್ಗಿ ನೋಡಿದೆ. ಅತ್ತೆಯ ಕರಡಿಗೆಗೆ, ನನ್ನ ಮಗ ಕೂಸಾಗಿದ್ದಾಗ ನೆಲಕ್ಕೆ ಕುಕ್ಕಿ ಮಾಡಿದ ತಗ್ಗಿತ್ತು. ಇದು ನುಣ್ಣಗಿತ್ತು.

ಪೊರೆ ಬಂದ ಕಣ್ಣು, ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದರೆ ಮುಗಿಯಿತು. ಗುರು ಕೊಟ್ಟ ಲಿಂಗ ಮೈಮೇಲಿಲ್ಲದೆ ಅವರು ಹನಿ ನೀರು ಮುಟ್ಟುವವರಲ್ಲ. ಆ ಲಿಂಗವೋ ಪಾಟಣದ ಯಾವ ಬೀದಿಯಲ್ಲಿತ್ತೋ. ಹೇಳಿ ಕಳಿಸೋಣವೆಂದರೆ ಯಾರ ಕೈಯಲ್ಲೂ ಮೊಬೈಲಿಲ್ಲ. ಸಂಜೆಯವರೆಗೆ ಕಾದರೆ ಲಿಂಗ ಸಿಗುತ್ತಿತ್ತು, ಅತ್ತೆ ಉಳಿಯುತ್ತಿರಲಿಲ್ಲ. ಗೈಡು ಕಿಟಕಿಯಲ್ಲಿ ಕೆತ್ತಿದ ನವಿಲು ತೋರಿಸಿದ, ಕುಂಬಾರರ ಬೀದಿ ತೋರಿಸಿದ. ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಹನ್ನೆರಡೂವರೆಗೆ ಬೆರಳು ನಡುಗತೊಡಗಿತು, ಹಣೆಯಲ್ಲಿ ಬೆವರು.

ಬುತ್ತಿ ಬಿಚ್ಚಿದೆವು. ಅತ್ತೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಅದೇಕೋ ಅದರ ಮುಚ್ಚಳಕ್ಕೆ ಕೈ ಹಾಕಿದರು. ನಾನು ಗದರಿಬಿಟ್ಟೆ. ಮೊದಲು ಉಣ್ಣಿ, ಇಲ್ಲಿ ಬಿದ್ದರೆ ಹೊತ್ತುಕೊಂಡು ಹೋಗೋಕೆ ನನ್ನ ಕೈಲಾಗಲ್ಲ ಅಂತ. "ಆಯ್ತು ಕಣೆ, ಬೈಬೇಡ" ಎಂದು ಎರಡು ಚಪಾತಿ, ಮೊಸರನ್ನ ಉಂಡರು. ಮುಖಕ್ಕೆ ಕಳೆ ಬಂತು. ಗೆದ್ದೆ ಎನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ.

ಸಂಜೆ ವಸತಿಗೃಹದ ಜಗಲಿಯಲ್ಲಿ ಭದ್ರಾವತಿಯ ಅಜ್ಜಿ ಗೋಡೆಗೊರಗಿ ಕೂತಿದ್ದರು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಊಟಕ್ಕೆ ಮುಂಚೆ ಕರಡಿಗೆ ತೆಗೆದು ನೋಡಿದವರು ಆಗಿನಿಂದ ಒಂದು ಗುಟುಕೂ ಕುಡಿದಿಲ್ಲ ಎಂದು ಜೊತೆಯವರು ಹೇಳಿದರು. ಅತ್ತೆಯನ್ನು ಕಂಡದ್ದೇ ಗೋಡೆ ಹಿಡಿದು ಎದ್ದು, ಕೊರಳಿನದನ್ನು ತೆಗೆದು ಕಣ್ಣಿಗೊತ್ತಿ ಅತ್ತೆಯ ಕೈಗಿಟ್ಟರು.

"ನಿಮ್ಮ ಲಿಂಗ ಜೋಪಾನವಾಗಿದೆ ತಂಗಿ. ಬನ್ನಿ, ಇಬ್ರೂ ಒಟ್ಟಿಗೇ ನೀರು ಕುಡಿಯೋಣ. ನೀವೂ ಉಪವಾಸ ಇದ್ದೀರಲ್ಲ."

ಅತ್ತೆಯ ಬೆರಳು ಆ ತಗ್ಗಿನ ಮೇಲೆ ಆಡಿತು. ನನ್ನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಗೊತ್ತಿತ್ತು, ಊಟಕ್ಕೆ ಮುಂಚೆಯೇ ಗೊತ್ತಿತ್ತು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅಜ್ಜಿಯ ಕರಡಿಗೆಯನ್ನು ಹಿಂದಿರುಗಿಸಿ, ತಮ್ಮ ಕೈಯಾರೆ ಆಕೆಗೆ ನೀರು ಕುಡಿಸಿದರು.

ಅತ್ತೆ ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಆ ಮಧ್ಯಾಹ್ನ ಉಣ್ಣದಿದ್ದರೆ ಬದುಕುತ್ತಿರಲಿಲ್ಲ, ಇವತ್ತಿಗೂ ನಾನು ಅದನ್ನೇ ಹೇಳುವವಳು. ಆದರೆ ಆ ಒಂಬತ್ತು ವರ್ಷವೂ ನಾನು ತಟ್ಟೆ ಇಟ್ಟಾಗಲೆಲ್ಲ ಅವರು ಮೊದಲು ಕರಡಿಗೆ ಬಿಚ್ಚಿ, ಲಿಂಗವನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಆಮೇಲೆಯೇ ತುತ್ತೆತ್ತುತ್ತಿದ್ದರು. ನನ್ನ ಮಗಳು ಬಡಿಸಿದ ದಿನ ನೋಡುತ್ತಿರಲಿಲ್ಲ.