ಪೆನ್ ಡ್ರೈವಿಗೆ ಹೋದ ಬೂಟ್ ಲೋಡರ್

ಕೊಳಕೂರಿನ ಕಾಕಾನ ಹೆಂಡತಿ ತೀರಿಹೋಗಿದ್ದರು. ಅವರು ಹಾಡಿದ್ದ ಬೀಸುಕಲ್ಲಿನ ಪದಗಳು ಜೇವರ್ಗಿಯ ನನ್ನ ಝೆರಾಕ್ಸ್ ಅಂಗಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿದ್ದವು. ಆ ಪದ ಕೇಳಲು ಕಾಕಾ ಬಂದ ದಿನವೇ ಕಂಪ್ಯೂಟರ್ ಏಳಲಿಲ್ಲ. ಹಿಂದಿನ ದಿನ ಅಪ್‌ಗ್ರೇಡ್ ಮಾಡಿದ್ದೆ. ಪರದೆ ಕಪ್ಪಗೇ ಇತ್ತು.

"ಯಾಕ ತಮ್ಮಾ, ಮಾರಿ ಬೆಳ್ಳಗಾತು? ಪದ ಹಚ್ಚು."

"ಹಚ್ಚಾಕತ್ತೇನ್ರಿ ಕಾಕಾ, ತಡೀರಿ."

ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಆದ ಬೂಟ್ ಲೋಡರನ್ನು ಯಾವ ಡಿಸ್ಕಿಗೆ ಹಾಕಲಿ ಎಂದು ಅಪ್‌ಗ್ರೇಡ್ ಆಗುವಾಗ ಅದು ಕೇಳಿತ್ತು. ನಾನು ಓದದೆ, ಗಿರಾಕಿಯೊಬ್ಬ ಚುಚ್ಚಿಟ್ಟಿದ್ದ ಪೆನ್ ಡ್ರೈವಿಗೆ ಟಿಕ್ ಹೊಡೆದಿದ್ದೆ. ಅವನು ಅದನ್ನು ಕಿತ್ತುಕೊಂಡು ಯಡ್ರಾಮಿಗೆ ಹೋಗಿದ್ದ.

ಬೇರೆ ಪೆನ್ ಡ್ರೈವಿನಿಂದ ಲಿನಕ್ಸ್ ಶುರುಮಾಡಿ, ಬೂಟ್ ಲೋಡರನ್ನು ಹಾರ್ಡ್ ಡಿಸ್ಕಿಗೇ ಹಾಕಿದೆ. ಕಂಪ್ಯೂಟರ್ ಎದ್ದಿತು; ಪದ ಹಚ್ಚಿದೆ.

ಕಾಕಾ ಪೂರ್ತಿ ಕೇಳಿ ಹೇಳಿದರು: "ನನಗೂ ಒಂದು ಕಾಪಿ ಕೊಡು. ನಿನ್ನ ನಂಬಾಕ ಈಗ ಅಂಜಿಕಿ ಬರ್ತದ."