ಮೊಮ್ಮಗಳಿಗೆ ಸುಳ್ಳು ಸಾಕ್ಷಿ ಹೇಳಿದ್ದು

ಮೊಮ್ಮಗಳು ಪಾಟೀಸವಾಲಲ್ಲಿ ಫೇಲಾದ್ಲು ಅಂತ ಗೊತ್ತಾದಾಗ ನಂಗೆ ಮೊದ್ಲು ನಗು ಬಂತು. ಇಂಗ್ಲೆಂಡಿಗೆ ಹೋಗಿ ಲಾ ಓದ್ತಿರೋ ಕೂಸು, ಎರಡನೇ ವರ್ಷ. ಅಲ್ಲಿ ಕ್ಲಾಸಲ್ಲೇ ಒಂದು ಕೋರ್ಟು ಮಾಡಿ, ಯಾರನ್ನೋ ಸಾಕ್ಷಿ ಅಂತ ನಿಲ್ಲಿಸಿ, ಪ್ರಶ್ನೆ ಕೇಳಿ ಸುಳ್ಳು ಹಿಡಿಯೋ ಪರೀಕ್ಷೆ ಇರತ್ತಂತೆ. ಇವಳ ಸಾಕ್ಷಿ ಒಬ್ಬ ವಯಸ್ಸಾದ ಹೆಂಗಸು. ಇವಳು ಹೋಗಿ "ತೊಂದ್ರೆ ಕೊಡ್ತಿದೀನಿ, ಏನೂ ತಿಳ್ಕೋಬೇಡಿ" ಅಂತ ಶುರು ಮಾಡಿದ್ಲಂತೆ. ಆ ಹೆಂಗಸು ತನ್ನ ಕತೆ ಪೂರ್ತಿ ಹೇಳ್ತು, ಇವಳು ತಲೆ ಆಡಿಸ್ತಾ ಕೇಳಿದ್ಲು, ಟೈಮು ಮುಗೀತು.

"ದೊಡ್ಡೋರು ಮಾತಾಡುವಾಗ ಮಧ್ಯ ಬಾಯಿ ಹಾಕ್ಬಾರ್ದು ಅಂತ ಕಲಿಸಿದ್ದು ನೀನೇ ಅಲ್ವಾ ಅಜ್ಜಿ" ಅಂದ್ಲು ಫೋನಲ್ಲಿ. ಅತ್ತು ಮುಖ ಊದಿತ್ತು. ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ. ಅದೂ ಹೋದ್ರೆ ಇಡೀ ವರ್ಷ ಮತ್ತೆ ಓದಬೇಕು, ವೀಸಾದ ತಲೆಬಿಸಿ ಬೇರೆ. ನನ್ನ ನಗು ಅಲ್ಲೇ ನಿಂತ್ಹೋಯ್ತು.

"ನಾನೇ ಸಾಕ್ಷಿ ಆಗ್ತೀನಿ, ದಿನಾ ನನ್ನ ಕೇಳು" ಅಂದೆ.

"ಪರೀಕ್ಷೆ ಇಂಗ್ಲಿಷಲ್ಲಿ ಅಜ್ಜಿ."

"ಸುಳ್ಳು ಹೇಳುವಾಗ ಮುಖ ಎಲ್ಲಾ ಭಾಷೇಲೂ ಒಂದೇ ಥರ ಇರತ್ತೆ. ಕೇಳು."

ದಿನಾ ಸಂಜೆ ನಾಲ್ಕಕ್ಕೆ ವೀಡಿಯೋ ಕಾಲು. ಅವಳಿಗೆ ಆಗ ಬೆಳಿಗ್ಗೆ. ಪುಸ್ತಕದಲ್ಲಿದ್ದದ್ದು ಒಂದು ಸೈಕಲ್ ಕಳ್ಳತನದ ಕೇಸು. ಹೌದು, ಇಲ್ಲ, ಇಷ್ಟೇ ಉತ್ತರ ಬರೋ ಹಾಗೆ ಕೇಳಬೇಕಂತೆ. ನಮ್ಮ ಹೊಸನಗರದಲ್ಲಿ ಹಂಗೆ ಉತ್ತರ ಕೊಡೋರು ಯಾರಿದಾರೆ? ಊಟ ಆಯ್ತಾ ಅಂದ್ರೆ ಬೇಳೆ ಬೇಯದೇ ಇದ್ದ ಕತೆಯಿಂದ ಶುರು.

"ನೀವು ಆವತ್ತು ಆ ಸೈಕಲ್ ನೋಡಿದ್ರಿ, ಹೌದಾ?"

"ಸೈಕಲ್ ಅಂದ್ಕೂಡ್ಲೆ ನೆನಪಾಯ್ತು ನೋಡು. ನಿಮ್ಮಜ್ಜ ಒಂದ್ಸಲ ಹುಂಚದಿಂದ ತೀರ್ಥಹಳ್ಳಿಗೆ ಸೈಕಲ್ ತುಳ್ಕೊಂಡು ಹೊರಟ್ರು, ಹಿಂದೆ ಒಂದು ಹಲಸಿನಹಣ್ಣು ಕಟ್ಕೊಂಡು..."

"ಆಮೇಲೆ?" ಅಂತಿದ್ಲು. ಸಾಕ್ಷೀನ ಆಮೇಲೆ ಅಂತ ಕೇಳೋ ವಕೀಲೆ. ಒಂದು ವಾರ ಹಿಂಗೇ ಆಯ್ತು. ದಿನಾ ನಂದೇ ಗೆಲುವು, ಅವಳ ಮುಖ ಮಾತ್ರ ದಿನಾ ಸಣ್ಣ ಆಗ್ತಿತ್ತು.

ನಿಜವಾದ ವಕೀಲ್ರು ಹೆಂಗೆ ಕೇಳ್ತಾರೆ ಅಂತ ನೋಡಿ ಬರೋಣ ಅನ್ನಿಸ್ತು. ಆದ್ರೆ ಕೋರ್ಟು ಮೆಟ್ಟಿಲು ಹತ್ತಿದೋರಲ್ಲ ಅನ್ನೋದು ನಮ್ಮನೆಯ ದೊಡ್ಡ ಹೆಮ್ಮೆ. ಅದಕ್ಕೆ ಗುರುವಾರ ಸೊಸೆ ಹತ್ರ ವರದಹಳ್ಳಿ ಆಶ್ರಮಕ್ಕೆ ಹೋಗ್ತೀನಿ ಅಂದೆ. ಸಾಗರದ ತನಕ ಬಸ್ಸು ಅದೇ, ಹಂಗಾಗಿ ಅರ್ಧ ದಾರಿ ಸತ್ಯಾನೇ.

ಸಾಗರದ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಒಬ್ಬ ಪೊಲೀಸಿನ ಪಕ್ಕ ಕೂತೆ. ಒಬ್ಬ ವಕೀಲ್ರು ಮಗೂಗೆ ತುತ್ತು ತಿನ್ನಿಸ್ದಂಗೆ ಸಣ್ಣ ಸಣ್ಣ ಪ್ರಶ್ನೆ ಕೇಳ್ತಿದ್ರು. ಸಾಕ್ಷಿ ಹೌದು ಹೌದು ಅಂತ ನುಂಗ್ತಿದ್ದ. ಮರೆತು ಹೋಗೋ ಮೊದ್ಲು ಅವಳಿಗೆ ಬರೆದು ಕಳಿಸೋಣ ಅಂತ ಮಡಿಲಲ್ಲೇ ಫೋನು ಇಟ್ಕೊಂಡು ಒತ್ತಿದೆ. ಆಗಿನ್ನೂ ಟೈಪಿಂಗ್ ಹೊಸತು, ಎಲ್ಲೋ ಒತ್ತಿದ್ರೆ ಇನ್ನೇನೋ ಆಗ್ತಿತ್ತು. ಏನೋ ಟಕ್ ಅಂತು. ಹೆದರಿ ಆಫ್ ಮಾಡ್ದೆ. ಮನೆಗೆ ಬಂದು ದರ್ಶನ ಚೆನ್ನಾಗಾಯ್ತು ಅಂದೆ. ಸಂಜೆ ಕಾಲಲ್ಲೂ, ಸೊಸೆ ಪಕ್ಕದಲ್ಲೇ ಇದ್ಲು ಅಂತ, ಮೊಮ್ಮಗಳಿಗೆ ಅದನ್ನೇ ಹೇಳ್ದೆ.

ಶನಿವಾರ ಮೊಮ್ಮಗಳು ಕೂದಲು ಗಟ್ಟಿಯಾಗಿ ಕಟ್ಕೊಂಡು ಬಂದ್ಲು. "ಇವತ್ತು ಸೈಕಲ್ ಬೇಡ. ಗುರುವಾರ ನೀವು ವರದಹಳ್ಳಿಗೆ ಹೋಗಿದ್ರಿ. ಹೌದಾ?"

ಪಕ್ಕದಲ್ಲೇ ಸೊಸೆ ಬೀನ್ಸ್ ಮುರೀತಾ ಕೂತಿದ್ಲು. "ಹೌದು" ಅಂದೆ.

"ಹನ್ನೊಂದರಿಂದ ಹನ್ನೆರಡರ ತನಕ ಆಶ್ರಮದ ಒಳಗೇ ಕೂತಿದ್ರಿ."

"ಕೂತಿದ್ದೆ. ಅಲ್ಲಿ ಎಂತಾಯ್ತು ಅಂದ್ರೆ, ಶಿರಸಿ ಕಡೆಯ ಒಬ್ಬಳು ಹೆಂಗಸು..."

"ಅದು ಬೇಡ. ಕೂತಿದ್ರಿ, ಹೌದೋ ಅಲ್ವೋ?"

ನನ್ನ ಮಾತನ್ನ ಹಂಗೆ ಕತ್ತರಿಸಿದೋರು ಈ ಮನೇಲಿ ಇರ್ಲಿಲ್ಲ. ಸಿಟ್ಟು ಬಂತು, ಅದರ ಹಿಂದೇನೇ ಒಂಥರಾ ಖುಷೀನೂ ಬಂತು.

"ಹೌದು."

"ಚಪ್ಪಲಿ ಹೊರಗೇ ಬಿಟ್ಟಿದ್ರಿ."

"ಮತ್ತೆ ಒಳಗೆ ಹಾಕ್ಕೊಂಡು ಹೋಗ್ತಾರಾ ಮಾರಾಯ್ತಿ?"

"ಹೌದೋ ಅಲ್ವೋ?"

"ಹೌದು."

"ಎಲ್ರೂ ಬಿಟ್ಟಿದ್ರು."

"ಎಲ್ರೂ."

ಅವಳು ಒಂದು ಫೋಟೋ ತೋರಿಸಿದ್ಲು. ನನ್ನ ಫೋನಿಂದ ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಹೋದದ್ದು. ನೆಲ, ನನ್ನ ಕಾಲು, ಕಾಲಲ್ಲಿ ಚಪ್ಪಲಿ. ಪಕ್ಕದಲ್ಲಿ ಪಾಲಿಶ್ ಹೊಳೆಯೋ ಎರಡು ಕಪ್ಪು ಬೂಟು.

"ನನ್ನ ಪ್ರಶ್ನೆ ಮುಗೀತು" ಅಂದ್ಲು. ಎಲ್ಲಿ ಹೋಗಿದ್ದೆ ಅಂತ ಕೇಳ್ಲೇ ಇಲ್ಲ. ಕೇಳಿದ್ರೆ ಹೇಳೋಕೆ ಒಂದು ಕತೆ ಆಗಲೇ ಬಾಯಿ ತುದೀಲಿತ್ತು. ಅದು ಅವಳಿಗೂ ಗೊತ್ತಿತ್ತು.

ಕೇಳಿದ್ದು ಸೊಸೆ. "ಅತ್ತೆ, ಯಾರ ಬೂಟು ಅದು?"

ಎಲ್ಲಾ ಹೇಳ್ದೆ. ಅವಳು ಒಂದು ಬೀನ್ಸು ಮುರಿದು ಪಾತ್ರೆಗೆ ಹಾಕಿ, "ಹೇಳಿದ್ರೆ ನಾನೂ ಬರ್ತಿದ್ದೆ" ಅಂದ್ಲು.

ಪರೀಕ್ಷೆ ದಿನ ಇಬ್ರೂ ಫೋನು ಮುಂದಿಟ್ಕೊಂಡೇ ಕೂತಿದ್ವಿ. ಕಾಲು ಬಂತು. ಪಾಸು. ಸಾಕ್ಷಿ ಈ ಸಲ ರಿಟೈರಾದ ಒಬ್ರು ಮೇಷ್ಟ್ರಂತೆ, ಎರಡು ಸಲ ಕತೆ ಹೇಳೋಕೆ ಹೊರಟ್ರಂತೆ, ಎರಡು ಸಲವೂ ನಿಲ್ಲಿಸಿದ್ಲಂತೆ.

"ಗಟ್ಟಿ ಸಾಕ್ಷೀನಾ?" ಅಂತ ಕೇಳ್ದೆ.

"ನಿನ್ನಷ್ಟು ಸಲೀಸಾಗಿ ಸುಳ್ಳು ಹೇಳೋಕೆ ಅವರಿಗೆ ಬರಲ್ಲ ಅಜ್ಜಿ" ಅಂದ್ಲು.

ಸೊಸೆ ನನ್ನ ಕಡೆ ತಿರುಗಿದ್ಲು. ನೆಟ್‌ವರ್ಕ್ ಸರಿ ಇಲ್ಲ ಅಂತ ನಾನು ಫೋನು ಇಟ್ಟೆ.